ರಾಹುಕಾಲದ ವೇಳಾಪಟ್ಟಿ

ಭೌತಶಾಸ್ತ್ರದ ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುವ ವೇಳಾಪಟ್ಟಿಯನ್ನು ನಾನು ಪಂಚಾಂಗ ನೋಡಿ ಹಾಕಿದ್ದೆ. ಇದನ್ನು ಹೇಳಿದರೆ ಈಗ ಕೇಳಿದವರೆಲ್ಲ ನಗುತ್ತಾರೆ, ಅವರ ಜೊತೆ ನಾನೂ ನಗುತ್ತೇನೆ. ಆಗ ಅದು ತಮಾಷೆಯಾಗಿರಲಿಲ್ಲ.

ಐವತ್ತರ ದಶಕದ ನಡುವಿನ ಮಾತು. ಅಪ್ಪ ಮೈಸೂರಿನಿಂದ ಬಂದು ಫೋರ್ಟ್ ಕಡೆಯ ವಿಮಾ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದರು, ಮನೆ ಮಲಾಡಿನಲ್ಲಿ. ಟೈಫಾಯ್ಡ್ ಬಂದು ನನ್ನದೊಂದು ವರ್ಷ ಹಾಳಾದ್ದರಿಂದ ನಾನೂ ತಂಗಿಯೂ ಒಟ್ಟಿಗೇ ಬಿ.ಎಸ್ಸಿ. ಮುಗಿಸಿದೆವು. ಇಬ್ಬರಿಗೂ ಮುಂದೆ ಓದುವ ಆಸೆ. ಅಪ್ಪ ಒಂದು ಮಾತು ಕೊಟ್ಟಿದ್ದರು: ಪರೀಕ್ಷೆ ಬರೆದು ಯಾರು ಸೀಟು ಪಡೆಯುತ್ತಾರೋ ಅವರ ಮದುವೆಯ ಮಾತನ್ನು ಓದು ಮುಗಿಯುವವರೆಗೆ ಎತ್ತುವುದಿಲ್ಲ. ಸೀಟು ಸಿಗದಿದ್ದರೆ ಒಳ್ಳೆಯ ಸಂಬಂಧ ಬಂದಾಗ ಸುಮ್ಮನೆ ಒಪ್ಪಿಕೊಳ್ಳಬೇಕು. ತಂಗಿಗೆ ಇದು ಇನ್ನೂ ದೂರದ ಮಾತು. ನಾನು ದೊಡ್ಡವಳು, ನನ್ನನ್ನು ನೋಡಲು ಆಗಲೇ ಜನ ಬರುತ್ತಿದ್ದರು.

ಹೆಣ್ಣು ನೋಡಲು ಬರುತ್ತಾರೆಂದು ತಿಳಿದ ಕೂಡಲೇ ಅಮ್ಮ ಮೊದಲು ತಂಗಿಯನ್ನು ಮನೆಯಿಂದ ಹೊರಗೆ ಕಳಿಸುತ್ತಿದ್ದಳು, ಆಮೇಲೆ ಕೇಸರಿಬಾತಿಗೆ ರವೆ ಹುರಿಯುತ್ತಿದ್ದಳು. ದೊಡ್ಡವಳನ್ನು ನೋಡಲು ಬಂದವರ ಕಣ್ಣಿಗೆ ಚಿಕ್ಕವಳು ಬೀಳಬಾರದು ಎನ್ನುವುದು ನಮ್ಮ ಕಡೆಯ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಪಾಲಿಸುತ್ತಿದ್ದ ಎಚ್ಚರ. ಚಿಕ್ಕವಳು ಹೆಚ್ಚು ಲಕ್ಷಣವಾಗಿದ್ದರಂತೂ ಕೇಳುವುದೇ ಬೇಡ. ನನ್ನ ತಂಗಿ ಲಕ್ಷಣವಾಗಿದ್ದಳು. ಅವಳು ಲೋಕಲ್ ರೈಲು ಹಿಡಿದು ಮಾಟುಂಗಕ್ಕೆ ಹೋಗಿ, ಅಲ್ಲಿನ ಕನ್ನಡ ಸಂಘವೊಂದರ ವಾಚನಾಲಯದಲ್ಲಿ ದೀಪ ಹಚ್ಚುವ ಹೊತ್ತಿನವರೆಗೂ ಕೂತು ಓದುತ್ತಿದ್ದಳು. ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ದಪ್ಪ ಪುಸ್ತಕ. ಅದೂ ಅವಳ ಜೊತೆ ಹೋಗುತ್ತಿತ್ತು.

"ಪುಸ್ತಕನಾದ್ರೂ ಬಿಟ್ಟು ಹೋಗೇ," ಎಂದೆ ಒಮ್ಮೆ.

"ಯಾಕೆ, ಬಜ್ಜಿ ತಟ್ಟೆ ಅಡೀಲಿ ಇಟ್ಕೊಂಡು ಓದ್ತೀಯಾ? ಹೋಗಕ್ಕ, ಹೂವು ಮುಡ್ಕೊ ಹೋಗು. ಲೋಕಲ್ ತಪ್ಪುತ್ತೆ ನಂಗೆ."

ಅವಳು ಹೋದ ಮೇಲೆ ನಾನು ರೇಷ್ಮೆ ಸೀರೆಯುಟ್ಟು ಜಮಖಾನದ ಮೇಲೆ ಕೂತು, ಅಲ್ಲಿ ಅವಳಿಗೆ ಎಂಥ ಮೇಜು ಸಿಕ್ಕಿರಬಹುದು, ತಲೆಯ ಮೇಲೆ ಫ್ಯಾನ್ ಎಷ್ಟು ಜೋರಾಗಿ ತಿರುಗುತ್ತಿರಬಹುದು, ಯಾವ ಪುಟಕ್ಕೆ ಬಂದಿರಬಹುದು ಎಂದು ಯೋಚಿಸುತ್ತಿದ್ದೆ. ಹಾಡು ಬರುತ್ತದೆಯೇ ಎಂದು ಕೇಳಿದವರಿಗೆ ಏನು ಹೇಳಿದೆನೋ ನೆನಪಿಲ್ಲ. ತಂಗಿ ಹಿಂತಿರುಗಿ ಬಂದು ಕಾಲು ತೊಳೆಯುತ್ತಾ, "ಹೀಟ್ ಪಾಠ ಪೂರ್ತಿ ಮುಗೀತು ಅಕ್ಕ," ಎಂದದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ಅವಳಿಗೆ ಸಿಕ್ಕ ಹೊತ್ತಿನ ಮೇಲೆ ನನಗೆ ಹೊಟ್ಟೆಕಿಚ್ಚು. ಬಚ್ಚಿಡಬೇಕಾದಷ್ಟು ಚೆಲುವೆ ಅವಳು ಎಂಬುದರ ಮೇಲೂ ಹೊಟ್ಟೆಕಿಚ್ಚು. ಎರಡರಲ್ಲಿ ಯಾವುದು ಹೆಚ್ಚಾಗಿತ್ತು ಎಂದು ಕೇಳಿಕೊಂಡರೆ, ಓದಿನದೇ ಎಂದು ಹೇಳಲು ಮನಸ್ಸಾಗುತ್ತದೆ. ಹಾಗೆ ಮನಸ್ಸಾಗುವುದರಿಂದಲೇ ಆ ಉತ್ತರದ ಮೇಲೆ ನನಗೆ ಅನುಮಾನ.

ಆಗ ಹೊಳೆದದ್ದು ಪಂಚಾಂಗ. ಹೆಣ್ಣು ನೋಡುವವರು ರಾಹುಕಾಲದಲ್ಲಿ ಹೊಸ್ತಿಲು ತುಳಿಯುವುದಿಲ್ಲ. ಮಂಗಳವಾರ ಬರುವುದಿಲ್ಲ, ಅಮಾವಾಸ್ಯೆಗೆ ಬರುವುದಿಲ್ಲ. ಆಷಾಢದಲ್ಲಂತೂ ತಿಂಗಳಿಡೀ ಯಾರೂ ಇಲ್ಲ, ಪರೀಕ್ಷೆಯಿದ್ದದ್ದು ಆಷಾಢದ ಕೊನೆಗೆ. ಊರಿನವರೆಲ್ಲ ಬೇಡವೆಂದು ಬಿಟ್ಟ ಹೊತ್ತುಗಳನ್ನು ಒಂದೊಂದಾಗಿ ಆರಿಸಿ ನನ್ನದು ಮಾಡಿಕೊಂಡೆ. ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಬೆಳಕಿನ ಪಾಠ. ಮಂಗಳವಾರ ಪೂರ್ತಿ ಮೆಕ್ಯಾನಿಕ್ಸ್. ನನಗೆ ಕಷ್ಟವಾಗುತ್ತಿದ್ದ ವಿದ್ಯುತ್ತು, ಕಾಂತತ್ವಗಳನ್ನು ಆಷಾಢಕ್ಕೆಂದು ಎತ್ತಿಟ್ಟೆ. ಪಟ್ಟಿಯನ್ನು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದೆ. ಆ ಹೊತ್ತಿನಲ್ಲಿ ಪುಸ್ತಕ ನನ್ನದು ಎಂದು ತಂಗಿಯೂ ಒಪ್ಪಿದಳು. ಮಗಳು ರಾಹುಕಾಲ ಬರೆದಿಟ್ಟುಕೊಂಡಿದ್ದು ನೋಡಿ ಅಮ್ಮನಿಗೆ ಬಹಳ ಸಂತೋಷ. "ಕಾಲೇಜಿಗೆ ಹೋದ್ರೂ ಕೆಟ್ಟಿಲ್ಲ ನೋಡಿ," ಎಂದು ಪಕ್ಕದ ಮನೆಯವರಿಗೆ ಹೇಳಿದಳು.

ಜ್ಯೇಷ್ಠ ಕಳೆಯುವವರೆಗೆ ಪಟ್ಟಿ ಒಂದು ದಿನವೂ ತಪ್ಪಲಿಲ್ಲ ಎಂದು ನನ್ನ ನೆನಪು. ಆ ವರ್ಷದ ಡೈರಿ ತೆಗೆದು ನೋಡಿದರೆ ಅಲ್ಲಲ್ಲಿ "ನಿದ್ದೆ ಬಂತು" ಎಂದು ನನ್ನ ಕೈಬರಹದಲ್ಲೇ ಇದೆ. ಇರಲಿ.

ಆಷಾಢದ ಒಂದು ಭಾನುವಾರ ಸಂಜೆ, ರಾಹುಕಾಲದ ಸರಿ ನಡುವೆ, ಯಾರೋ ಬಾಗಿಲು ತಟ್ಟಿದರು. ತಂಗಿ ಹೋಗಿ ತೆಗೆದಳು. ನೀರು ಸುರಿಯುವ ಕೊಡೆ ಹಿಡಿದ ಒಬ್ಬ ಯುವಕ, ಹಿಂದೆ ಅವನ ತಾಯಿ. ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಅಪ್ಪನ ಸ್ನೇಹಿತರು ಹೇಳಿದ್ದ ಹುಡುಗ. ಶ್ರಾವಣದಲ್ಲಿ ಬರುತ್ತಾರೆ ಎಂದುಕೊಂಡಿದ್ದೆವು.

"ಹೇಳದೆ ಬಂದ್ವಿ ಸಾರ್, ತಪ್ಪು ತಿಳೀಬೇಡಿ. ಈ ಆಷಾಢ, ರಾಹುಕಾಲ ಎಲ್ಲ ನಾನು ನಂಬೋನಲ್ಲ," ಎಂದ ಅವನು ಅಪ್ಪನಿಗೆ, ಸ್ವಲ್ಪ ಹೆಮ್ಮೆಯಿಂದಲೇ.

ಅವನ ತಾಯಿ ಅಷ್ಟರಲ್ಲಿ ತಂಗಿಯ ಗಲ್ಲ ಹಿಡಿದಾಗಿತ್ತು. "ಇವಳೇನಾ ಹುಡುಗಿ? ಎಷ್ಟು ಲಕ್ಷಣವಾಗಿದಾಳಮ್ಮ!"

"ಅಯ್ಯೋ ಅಲ್ಲ, ಇವಳು ಚಿಕ್ಕವಳು. ದೊಡ್ಡವಳು ಅಲ್ಲಿದಾಳೆ," ಎಂದು ಅಮ್ಮ ನನ್ನ ಕಡೆ ಕೈ ತೋರಿಸಿದಳು. ನಾನು ಹಳೆಯ ಸೀರೆಯಲ್ಲಿ, ಜಡೆ ಹಾಕದ ತಲೆಯಲ್ಲಿ, ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದೆ.

"ಹೌದಾ," ಎಂದರು ಆಕೆ.

ಹುಡುಗ ಒಳ್ಳೆಯವನೇ. ಬಗ್ಗಿ ಪುಸ್ತಕ ನೋಡಿ, ಸಾಬೂನಿನ ಗುಳ್ಳೆಗೆ ಬಣ್ಣ ಎಲ್ಲಿಂದ ಬರುತ್ತದೆ ಹೇಳಿ ನೋಡೋಣ ಎಂದ. ಅಷ್ಟು ದಿನದಲ್ಲಿ ನನ್ನನ್ನು ಅಂಥ ಪ್ರಶ್ನೆ ಕೇಳಿದವನು ಅವನೊಬ್ಬನೇ. ನಾನು ಉತ್ಸಾಹದಿಂದ ಹೇಳತೊಡಗಿದೆ. ಅರ್ಧಕ್ಕೆ ಬರುವಾಗ ಅವನ ಕಣ್ಣು ಕಾಫಿ ತರುತ್ತಿದ್ದ ತಂಗಿಯ ಕಡೆ ಹೋಯಿತು. ನಾನು ನಿಲ್ಲಿಸಲಿಲ್ಲ, ಪೂರ್ತಿ ಹೇಳಿದೆ. ಯಾರಿಗೆ ಹೇಳಿದೆನೋ.

ವಾರದೊಳಗೆ ಮಾತು ಬಂತು: ಚಿಕ್ಕವಳನ್ನು ಕೊಡುವುದಾದರೆ ಒಪ್ಪಿಗೆ.

"ದೊಡ್ಡವಳನ್ನ ಮನೇಲಿಟ್ಕೊಂಡು ಚಿಕ್ಕವಳಿಗೆ ಮಾಡ್ತಾರಾ ಯಾರಾದ್ರೂ!" ಎಂದು ಅಪ್ಪ ರೇಗಿದರು. ಅಮ್ಮ ಅತ್ತಳು. ಒಣಗಿದ ಬಟ್ಟೆ ಮಡಿಸುತ್ತಿದ್ದ ತಂಗಿ ತಲೆಯೆತ್ತದೆ ಹೇಳಿದಳು: "ನನ್ನನ್ನ ಯಾರಾದ್ರೂ ಕೇಳಿದ್ರಾ? ನನಗೆ ಪರೀಕ್ಷೆ ಇದೆ. ಆಗಲ್ಲ ಅಂತ ಹೇಳ್ಬಿಡಿ."

ಅಷ್ಟೇ. ಯಾರೂ ಅವಳನ್ನು ಗದರಲಿಲ್ಲ. ಆ ಇಂಜಿನಿಯರನನ್ನು ನಾನು ಎರಡು ದಿನದಲ್ಲಿ ಮರೆತೆ. ಮರೆಯಲಾಗದೆ ಹೊಟ್ಟೆಯಲ್ಲಿ ಉರಿಯುತ್ತಾ ಉಳಿದದ್ದು ತಂಗಿಯ ಆ ಮಾತು. ತಿಂಗಳುಗಟ್ಟಲೆ ರಾಹುವಿನ ಹಿಂದೆ, ಅಮಾವಾಸ್ಯೆಯ ಹಿಂದೆ ಅಡಗಿ ಹೊತ್ತು ಕದಿಯುತ್ತಿದ್ದ ನನ್ನ ಬಾಯಲ್ಲಿ ಅದು ಒಮ್ಮೆಯೂ ಬಂದಿರಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ಯಾರೂ ಬರಕೂಡದು ಎಂದರು ಅಪ್ಪ. ಉಳಿದ ಕೆಲವು ದಿನ ನಾವಿಬ್ಬರೂ ಮಾಟುಂಗಕ್ಕೆ ಹೋದೆವು. ವಾಚನಾಲಯವನ್ನು ನಾನು ನೋಡಿದ್ದು ಆಗಲೇ. ಮೇಜು, ಫ್ಯಾನ್ ಎರಡೂ ಗಂಡಸರ ಕಡೆ. ಹೆಂಗಸರಿಗೆಂದು ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಬೆಂಚು. ಒಳಗೆ ಹಿರಿಯರು ಪತ್ರಿಕೆ ಬಡಿಯುತ್ತಾ ಬೆಳಗಾವಿ ಯಾರಿಗೆ ಸೇರಬೇಕೆಂದು ಕೂಗಾಡುತ್ತಿದ್ದರು.

"ಇಲ್ಲಿ ಕೂತು ಓದಿದ್ಯಾ ಇಷ್ಟು ದಿನ?"

"ಮತ್ತೆ? ಮೈಸೂರು ಅರಮನೆ ಅಂದ್ಕೊಂಡಿದ್ಯಾ? ಜರುಗು ಆ ಕಡೆ."

ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ತಣ್ಣಗಾಗಬೇಕಿತ್ತು. ಈ ಬೆಂಚಿನ ಮೇಲೆ, ಈ ಗದ್ದಲದಲ್ಲಿ ಅವಳು ಅಷ್ಟು ಕಲಿತಳಲ್ಲ ಎಂದು ಇನ್ನಷ್ಟು ಉರಿಯಿತು.

ಸೀಟು ಸಿಕ್ಕವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ನನ್ನದಿರಲಿಲ್ಲ. ಆ ದಿನದ ಡೈರಿಯಲ್ಲಿ "ತಂಗಿಗೆ ಸೀಟು ಸಿಕ್ಕಿತು. ತುಂಬಾ ಸಂತೋಷವಾಯಿತು" ಎಂದಿದೆ. ನಾನಿಲ್ಲದಾಗ ನನ್ನ ಡೈರಿಯನ್ನು ಅವಳು ಓದುತ್ತಾಳೆಂದು ನನಗೆ ಗೊತ್ತಿತ್ತು. ಹಾಗಾಗಿ ಆ ಸಾಲನ್ನು ಎಷ್ಟು ನಂಬಬೇಕೋ ತಿಳಿಯದು.

ಅವಳು ಎಂ.ಎಸ್ಸಿ.ಗೆ ಹೋಗತೊಡಗಿದ ಮೇಲೆ ಆ ದಪ್ಪ ಪುಸ್ತಕ ಪೂರ್ತಿ ನನ್ನದಾಯಿತು. ಮೊದಲ ದಿನ ನಾನು ಓದಲಿಲ್ಲ. ರಬ್ಬರ್ ಹಿಡಿದು ಕೂತು ಅವಳ ಪೆನ್ಸಿಲ್ ಗುರುತುಗಳನ್ನು ಅಳಿಸಿದೆ. ಕಾಂತತ್ವದ ಒಂದು ಪುಟದ ಅಂಚಿನಲ್ಲಿ ಅವಳು ಮಾಡಿದ್ದ ಲೆಕ್ಕವೊಂದು ನನಗೆ ಬಗೆಹರಿಯದ್ದು. ಅದೊಂದನ್ನು ಬಿಟ್ಟೆ.

ದಸರೆ ಕಳೆಯಿತು, ಹೆಣ್ಣು ನೋಡುವವರ ಕಾಲ ಮತ್ತೆ ಬಂತು. ಅಮ್ಮ ಅಡುಗೆಮನೆಯಲ್ಲಿ ರವೆ ಹುರಿಯುವ ವಾಸನೆ ಬಂದಾಗ ನಾನು ಬಾಗಿಲಿಗೆ ಹೋಗಿ ನಿಂತು ಹೇಳಿದೆ: "ಈ ವರ್ಷ ಯಾರನ್ನೂ ಕರೀಬೇಡಮ್ಮ. ನನಗೆ ಪರೀಕ್ಷೆ ಇದೆ."

ಅಮ್ಮ ಸೌಟು ಹಿಡಿದೇ ತಿರುಗಿದಳು. ಒಳಕೋಣೆಯಲ್ಲಿದ್ದ ಅಪ್ಪನಿಗೆ ಕೇಳಿಸುವ ಹಾಗೆ, "ಕೇಳಿಸ್ತಾ? ದೊಡ್ಡದೂ ಈಗ ಚಿಕ್ಕದರ ಹಾಗೇ ಮಾತಾಡೋಕೆ ಕಲೀತು," ಎಂದಳು.

ಅಪ್ಪ ಇನ್ನೊಂದು ವರ್ಷ ಬಿಟ್ಟುಕೊಟ್ಟರು. ಮರುವರ್ಷ ನನಗೂ ಸೀಟು ಸಿಕ್ಕಿತು, ತಂಗಿಗಿಂತ ಒಂದು ತರಗತಿ ಕೆಳಗೆ. ಆದರೆ ಅಮ್ಮನ ಆ ಮಾತು ನೆನಪಾದಾಗಲೆಲ್ಲ, ಆ ಒಂದು ವಾಕ್ಯವನ್ನಾದರೂ ನಾನೇ ಮೊದಲು ಹೇಳಬಾರದಿತ್ತೇ ಎನ್ನಿಸುತ್ತದೆ.