ಮೈಕಿನ ಔಟು, ಅಂಪೈರನ ನಾಟ್ ಔಟು

ನನಗೆ ಬ್ಯಾಟು ಹಿಡಿಯಲು ಬರುತ್ತಿರಲಿಲ್ಲ, ಚೆಂಡು ಹಿಡಿಯಲಂತೂ ಬರುತ್ತಲೇ ಇರಲಿಲ್ಲ, ಆದ್ದರಿಂದ ಅಂಪೈರನಾದೆ. ಎಂಬತ್ತರ ದಶಕದ ಹಾನಗಲ್ಲಿನಲ್ಲಿ ಈ ಹುದ್ದೆಗೆ ಬೇಕಾದ ಅರ್ಹತೆ ಒಂದು ಬಿಳಿ ಕೋಟು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನ ಬಳಿ ಪ್ರಯೋಗಾಲಯದ ಕೋಟಿತ್ತು. ಆಸಿಡ್ ಬಿದ್ದು ಹೊಟ್ಟೆಯ ಮೇಲೆ ನಾಲ್ಕು ತೂತಾಗಿದ್ದವು, ಗಾಳಿಯಾಡಲು ಅನುಕೂಲವೇ ಆಯಿತು. ಹುಬ್ಬಳ್ಳಿಯಿಂದ ನಿಯಮದ ಪುಸ್ತಕ ತರಿಸಿ ಓದಿದೆ. ಅಲ್ಲಿಗೆ ನೆಮ್ಮದಿ ಹೋಯಿತು.

ಏಕೆಂದರೆ ಜನರ ನಿಯಮಗಳೇ ಬೇರೆ. ಚೆಂಡು ಬ್ಯಾಟು ಹಿಡಿದ ಗ್ಲೌಸಿಗೆ ತಾಗಿ ಕ್ಯಾಚಾದಾಗ ಪುಸ್ತಕದಂತೆ ಔಟು ಕೊಟ್ಟರೆ, 'ಕೈಗೆ ಬಡದೈತಿ, ಅದ್ಹೆಂಗ ಔಟು?' ಎಂದು ಜಗಳಕ್ಕೆ ಬರುತ್ತಿದ್ದರು. ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ, ಮೈಕಿನಲ್ಲಿ ಹೇಳಿದ್ದು ಸುಳ್ಳಾಗದು ಎಂಬುದು.

ಆಟದ ವಿವರಣೆ ಹೇಳುವ ಮೈಕು ಶ್ರೀಪತಿ ಮಾಸ್ತರದು. ನಿವೃತ್ತ ಕನ್ನಡ ಶಿಕ್ಷಕರು, ನನ್ನನ್ನು ಮೂರು ವರ್ಷ ಬೆಂಚಿನ ಮೇಲೆ ನಿಲ್ಲಿಸಿ ಬೆಳೆಸಿದವರು. ಪುರಾಣ ಹೇಳಿ ಪಳಗಿದ ಕಂಠ. ಚೆಂಡು ಬೌಲರನ ಕೈಬಿಡುವ ಮೊದಲೇ ಅದರ ಜಾತಕ ಓದಿಬಿಡುತ್ತಿದ್ದರು.

ಒಂದು ವರ್ಷ ಊರೂರುಗಳ ಟೂರ್ನಮೆಂಟಿನ ಫೈನಲ್ಲು ಅಕ್ಕಿಆಲೂರಿನ ಕೊಯ್ಲಾದ ಗದ್ದೆಯಲ್ಲಿ. ಹಾನಗಲ್ಲಿಗೂ ಶಿಗ್ಗಾವಿಗೂ ಆಟ. ಸ್ಟಂಪುಗಳ ತಲೆಯ ಮೇಲೆ ಕೂರುವ ಎರಡು ಪುಟ್ಟ ಕಡ್ಡಿಗಳು, ಅಂದರೆ ಬೇಲ್ಸು, ಗದ್ದೆಯ ಗಾಳಿಗೆ ಪದೇ ಪದೇ ಹಾರುತ್ತಿದ್ದವು. ಊರಿನ ಬಡಿಗೇರ ಮುತುವರ್ಜಿಯಿಂದ ಸ್ಟಂಪಿನ ತಲೆಗೆ ಆಳವಾದ ಕಚ್ಚು ಕೊರೆದು ಅವನ್ನು ಬಿಗಿಯಾಗಿ ಕೂರಿಸಿಕೊಟ್ಟಿದ್ದ. ಬಿರುಗಾಳಿಗೂ ಜಗ್ಗದ ಕೆಲಸ.

ಶಿಗ್ಗಾವಿಗೆ ಗೆಲ್ಲಲು ಆರು ರನ್ನು ಬೇಕಿತ್ತು, ಉಳಿದದ್ದು ಕೊನೆಯ ಜೋಡಿ. ಶಿಗ್ಗಾವಿಯ ಪರ ಆಡುತ್ತಿದ್ದ ಹಿರೇಬೆಂಡಿಗೇರಿಯ ಬಸಪ್ಪ ಬೀಸಿದ, ಚೆಂಡು ತಪ್ಪಿತು, ಸ್ಟಂಪಿಗೆ 'ಟಕ್' ಎಂದು ತಾಗಿತು. ಬೇಲ್ಸು ಬೀಳಲಿಲ್ಲ. ಬೀಳದಿದ್ದರೆ ಔಟಿಲ್ಲ. ಆದರೆ ಮೈಕು ಆಗಲೇ ಮೊಳಗಿತ್ತು: "ಔಟ್! ಹಾನಗಲ್ ಗೆದ್ದದ!"

ಬಸಪ್ಪ ಬ್ಯಾಟು ಕಂಕುಳಿಗೇರಿಸಿ ಹೊರಟ. ಪಟಾಕಿ ಹಚ್ಚಿದರು. ನಾನು ಅವನ ಹಿಂದೆ ಓಡಿದೆ.

"ನಿಂದರಪಾ, ನಾ ಔಟ್ ಕೊಟ್ಟಿಲ್ಲ."

"ಮಾಸ್ತರ ಮೈಕಿನ್ಯಾಗ ಅಂದಾರಲ್ರೀ. ನೀವೇನ್ ಅವರಿಗಿಂತ ಶ್ಯಾಣ್ಯಾರೇನ್ರಿ?"

ಕೊರಳಪಟ್ಟಿ ಹಿಡಿದು ಅವನನ್ನು ಮರಳಿ ತಂದೆ. ನಮ್ಮೂರ ಜನವೇ ನನ್ನನ್ನು ಬಾಯಿಗೆ ಬಂದಂತೆ ಬೈದರು. ಅದು ರೂಢಿಯಾಗಿತ್ತು. ಆದರೆ ಮಾಸ್ತರು ಮೈಕು ಕೆಳಗಿಟ್ಟು, ಧೋತರ ಎತ್ತಿ ಹಿಡಿದು, ಛತ್ರಿ ಊರುತ್ತ ಗದ್ದೆಗೇ ಇಳಿದರು. ಅಕ್ಷರ ಕಲಿಸಿದವರ ಮಾತನ್ನು ಎರಡು ಊರಿನ ಎದುರಿಗೆ ಸುಳ್ಳು ಮಾಡಿದ್ದೆ. ಇನ್ನು ಅವರು ಮನೆಯ ಕಟ್ಟೆ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ ಎಂದು ನಿಜಕ್ಕೂ ಸಂಕಟವಾಯಿತು.

ಅವರು ಬಗ್ಗಿ ನೋಡಿ, ಛತ್ರಿಯ ತುದಿಯಿಂದ ಬೇಲ್ಸನ್ನು ತಿವಿದರು. ಬೀಳಲಿಲ್ಲ. ಇನ್ನೊಮ್ಮೆ ತಿವಿದರು. ಇಲ್ಲ.

"ಇದು ಬೀಳಲಿಲ್ಲಂದ್ರ ಔಟ್ ಅಲ್ಲಂತ ಪುಸ್ತಕದಾಗ ಅದ ಏನೋ?"

"ಅದ ರೀ ಸರ್."

ತಿರುಗಿ ಹೋಗಿ ಮೈಕು ಹಿಡಿದರು. "ಮಹಾಜನರೇ, ತಪ್ಪು ನಂದ. ಹುಡುಗಂದು ಖರೇ ಅದ. ಆಟ ನಡೀಲಿ." ನನ್ನ ಕಣ್ಣು ತುಂಬಿ ಬಂದವು. ಮುಂದಿನ ಚೆಂಡನ್ನು ಬಸಪ್ಪ ಸಿಕ್ಸರ್ ಬಾರಿಸಿದ. ಪಟಾಕಿ ಹಾನಗಲ್ಲಿನವರದು, ಗೆಲುವು ಶಿಗ್ಗಾವಿಯದು.

ಮರುವರ್ಷದಿಂದ ಮಾಸ್ತರು ನನ್ನ ಬೆರಳೇಳುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಇಡೀ ಗದ್ದೆ ಮೊದಲ ಸಲ ನನ್ನನ್ನೇ ನೋಡತೊಡಗಿತು. ಸವಣೂರಿನ ಹುಡುಗನೊಬ್ಬನಿಗೆ, ಸ್ಟಂಪಿಗೆ ಹೋಗುವ ಚೆಂಡು ಕಾಲಿಗೆ ಅಡ್ಡ ಬಂತೆಂದು, ಎಲ್‌ಬಿ ಕೊಟ್ಟೆ. ಬೆರಳು ಮೇಲೇರುತ್ತಿದ್ದಾಗಲೇ ನನಗೆ ಗೊತ್ತಾಯಿತು, ಚೆಂಡು ಮೊದಲು ಬ್ಯಾಟಿಗೆ ತಾಗಿತ್ತು, ಅದು ಔಟಲ್ಲ. ಮಾಸ್ತರು ನನ್ನತ್ತ ನೋಡಿ, ಸ್ವಲ್ಪ ಹೊತ್ತು ಕಾದರು. ನಾನು ಬೆರಳು ಇಳಿಸಲಿಲ್ಲ. ಆಮೇಲೆ ಮೈಕಿನಲ್ಲಿ ಗಂಭೀರವಾಗಿ, "ಅಂಪೈರ್ ಔಟ್ ಅಂದಾರ" ಎಂದರು. ಹುಡುಗ ತಲೆ ತಗ್ಗಿಸಿ ನಡೆದುಹೋದ.

ಅಂಪೈರ್ ತನ್ನ ತೀರ್ಪನ್ನು ತಕ್ಷಣ ಬದಲಿಸಬಹುದು ಎಂದು ಪುಸ್ತಕದಲ್ಲಿದೆ. ಆ ನಿಯಮ ನನಗೆ ಬಾಯಿಪಾಠವಾಗಿತ್ತು. ಪುಸ್ತಕವನ್ನು ತೆರೆದೂ ನೋಡದ ಮಾಸ್ತರು ಅಕ್ಕಿಆಲೂರಿನ ಗದ್ದೆಯಲ್ಲಿ ಅದನ್ನು ಪಾಲಿಸಿದ್ದರು.