ಮುಖ ತಿರುಗಿಸು ಎಂದವಳು ನಾನೇ

ರೂಪಾ, ನಿನಗೆ ತಪ್ಪು ಕಲಿಸಿದವಳು ನಾನು — ತಿಳಿಯದೆ ಅಲ್ಲ, ಬೇಕೆಂದೇ.

ಏಳು ವರ್ಷವಾಯಿತು. ದೊಡ್ಡಬಳ್ಳಾಪುರದಲ್ಲಿ ಮಂಜುಗಡ್ಡೆಯ ಮೈದಾನ ಎಲ್ಲಿಂದ ಬರಬೇಕು? ಸಿಮೆಂಟ್ ನೆಲದ ಮೇಲೆ, ಚಕ್ರದ ಸ್ಕೇಟ್ಸ್ ಕಟ್ಟಿಕೊಂಡೇ ನಾವು ಐಸ್ ಹಾಕಿ ಕಲಿತದ್ದು. ಆಗ ನಾನು ಮೂರು ವರ್ಷದಿಂದ ಗೋಲ್ ಕೀಪರ್. ನೀನು ಬಂದು ಆರು ತಿಂಗಳು. ಮಂಜಿನ ಮೇಲೆ ಪಂದ್ಯ ಆಡಲು ಲಡಾಖ್‌ಗೆ ಹೋಗುವ ತಂಡದಲ್ಲಿ ನಮ್ಮಿಬ್ಬರಲ್ಲಿ ಒಬ್ಬಳಿಗಷ್ಟೇ ಜಾಗ. ಆಯ್ಕೆಗೆ ವಾರವಿದ್ದಾಗ ನೀನೇ ಬಂದು, "ಅಕ್ಕ, ನಂಗೂ ಸರಿಯಾಗಿ ತಡೆಯೋದು ಹೇಳ್ಕೊಡಕ್ಕ," ಅಂದೆ.

ಹೇಳಿಕೊಟ್ಟೆ. ಎರಡೂ ಮಂಡಿಯನ್ನು ಒಟ್ಟಿಗೆ ನೆಲಕ್ಕೂರಿ, ಕಾಲುಗಳನ್ನು ಚಿಟ್ಟೆಯ ರೆಕ್ಕೆಯಂತೆ ಇಕ್ಕೆಲಕ್ಕೆ ಹರಡುವುದು. ನಡುವಿನ ಸಂದನ್ನು ಸ್ಟಿಕ್ಕಿನಿಂದ ಮುಚ್ಚುವುದು. ಗ್ಲೌಸ್ ತೊಟ್ಟ ಕೈಯನ್ನು ಮುಂದೆ ಬಿಡಿಸಿ ಹಿಡಿಯುವುದು — ಎಲ್ಲವೂ ಸರಿಯಾಗಿಯೇ. ನಿನ್ನ ಮಂಡಿ ನನ್ನದಕ್ಕಿಂತ ಬೇಗ ನೆಲ ಮುಟ್ಟಿತು. ಅದನ್ನು ಕಂಡ ಮೇಲೆ — ಏನು ಹೇಳಲಿ — ಮುಖ್ಯವಾದ ಪಾಠವನ್ನೇ ತಿರುಚಿದೆ. ಪಕ್ ಎಂಬ ಆ ಗಟ್ಟಿ ರಬ್ಬರ್ ಬಿಲ್ಲೆ ಮುಖಕ್ಕೇ ಬಂದರೂ ಕಣ್ಣು ಕೀಳದೆ ಎದುರಿಸಬೇಕು. ನಮ್ಮ ಹಳೆಯ ಮಾಸ್ಕ್ ಕಾಯುತ್ತಿದ್ದುದು ಮುಂಭಾಗವನ್ನಷ್ಟೆ. ನಾನು ಅಂದದ್ದು: "ಮೇಲಕ್ಕೆ ಬಂದ್ರೆ ಮುಖ ಪಕ್ಕಕ್ಕೆ ತಿರುಗಿಸ್ಬಿಡು ಕಣೇ, ಏನೂ ಆಗಲ್ಲ."

ನೀನು ಎರಡು ಗೋಲು ಬಿಟ್ಟುಕೊಟ್ಟರೆ ಸಾಕು ಅಂದುಕೊಂಡಿದ್ದೆ. ಅಷ್ಟೇ...

ಆಯ್ಕೆಯ ದಿನ, ಮೂರನೆಯ ಹೊಡೆತಕ್ಕೆ ನೀನು ಮುಖ ತಿರುಗಿಸಿದೆ. ಪಕ್ ಎಡಗಿವಿಯ ಹಿಂದೆ ಬಡಿಯಿತು. ಆ ಸದ್ದು — ಈಗಲೂ. ಮಂಡಿಯೂರಿದ್ದವಳು ಹಾಗೇ ಪಕ್ಕಕ್ಕೆ ವಾಲಿದೆ. ಆಸ್ಪತ್ರೆಯಲ್ಲಿ ನಿಮ್ಮಮ್ಮ ನನ್ನ ಕೈ ಹಿಡಿದು, "ನೀನಿದ್ದಿದ್ದಕ್ಕೆ ಧೈರ್ಯ ಕಣವ್ವ," ಎಂದರು. ನಿನ್ನ ಎಡಗಿವಿ ಮತ್ತೆ ಕೇಳಲಿಲ್ಲ. ನೀನು ಮತ್ತೆ ಆಡಲಿಲ್ಲ. ನಾನು ಲಡಾಖ್‌ಗೆ ಹೋದೆ.

ಹೋದ ಭಾನುವಾರ, ಹೊಸಕೋಟೆಯಲ್ಲಿ ನೀನು ಹೊಸದಾಗಿ ಶುರು ಮಾಡಿದ ಕ್ಲಾಸ್ ನೋಡಲು ಬಂದೆ. ಎಂಟು ಮಕ್ಕಳು ಸಾಲಾಗಿ ಮಂಡಿಯೂರಿದ್ದರು. ನೀನು ಹೇಳುತ್ತಿದ್ದೆ: "ಮೇಲಕ್ಕೆ ಬಂದ್ರೆ ಮುಖ ತಿರುಗಿಸ್ಬೇಕು. ನಾನು ಅವತ್ತು ಲೇಟಾಗಿ ತಿರುಗಿಸ್ದೆ, ಅದಕ್ಕೇ ಏಟು ಬಿತ್ತು. ನಮ್ಮಕ್ಕ ಕಲಿಸಿದ್ದು ಇದು."

ಎಂಟು ಮುಖಗಳೂ ಒಟ್ಟಿಗೆ ತಿರುಗಿದವು. ಮಾಸ್ಕಿನ ಪಟ್ಟಿಗಳ ನಡುವೆ ಎಂಟು ಪುಟ್ಟ ಕಿವಿಗಳು — ನನ್ನ ಕಡೆಗೆ.

"ನಿಲ್ಸೇ! ಬೇಡ!" ಎಂದು ಕಿರುಚಿದೆ. ನೀನು ಬೆಚ್ಚಿ ಓಡಿ ಬಂದೆ — ಬಲಗಿವಿಯನ್ನು ನನ್ನತ್ತ ಒಡ್ಡಿ, "ಏನಾಯ್ತಕ್ಕ?"

ಆಗಲಾದರೂ ಹೇಳಬಹುದಿತ್ತು. "ರೂಲ್ಸ್ ಬದಲಾಗಿದೆ ಕಣೇ, ಈಗ ಮುಖ ತಿರುಗಿಸಂಗಿಲ್ಲ," ಎಂದುಬಿಟ್ಟೆ. ನೀನು ನಂಬಿದೆ. ಮಕ್ಕಳಿಂದ ನನಗೆ ಥ್ಯಾಂಕ್ಸ್ ಬೇರೆ ಹೇಳಿಸಿದೆ.

ಯಾವ ರೂಲ್ಸೂ ಬದಲಾಗಿಲ್ಲ, ರೂಪಾ. ನೀನು ತಡವಾಗಿ ತಿರುಗಿಸಲೂ ಇಲ್ಲ. ನಾನು ಹೇಳಿದ್ದನ್ನು, ಹೇಳಿದ ಹಾಗೆಯೇ, ಹೊತ್ತಿಗೆ ಸರಿಯಾಗಿ ನೀನು ಮಾಡಿದೆ.

ಈ ಭಾನುವಾರ ಬರುತ್ತೇನೆ. ಮಕ್ಕಳೆದುರಿಗೆ ನಾನೇ ಈ ಪತ್ರವನ್ನು ಓದುತ್ತೇನೆ. ನಿಮ್ಮಮ್ಮನನ್ನೂ ಕರೆದುಕೊಂಡು ಬಾ.