ರಂಗೋಲಿ ಇಲ್ಲದ ಬಾಗಿಲು

ಮೊದಲು ಹೋದದ್ದು ಉಪ್ಪು. ಡಬ್ಬಿಯಲ್ಲಿ ಉಪ್ಪಿತ್ತು, ಸಾರಿಗೂ ಹಾಕಿದ್ದೆ, ನಾಲಿಗೆಗೆ ಮಾತ್ರ ತಿಳಿಯಲಿಲ್ಲ. ಮತ್ತೆ ಹಾಕಿದೆ. ನಮ್ಮ ಯಜಮಾನರು ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದರು. ನಾನು ಆ ಸಾರನ್ನೇ ಕಲೆಸಿಕೊಂಡು ಪೂರ್ತಿ ಉಂಡೆ.

ಆಮೇಲೆ ಸದ್ದುಗಳು ದೂರವಾದವು. ಹಳೇಬೀಡಿನ ಶಾಲೆಯಲ್ಲಿ ಪಾಠ ಮಾಡುವಾಗ ನನ್ನ ದನಿಯೇ ಪಕ್ಕದ ಕೊಠಡಿಯಿಂದ ಬಂದಂತೆ ಕೇಳುತ್ತಿತ್ತು. ಒಂದು ದಿನ ಮಧ್ಯದಲ್ಲಿ ನಿಲ್ಲಿಸಿದೆ. ದನಿ ಇನ್ನೂ ಸ್ವಲ್ಪ ಹೊತ್ತು ಮಾತಾಡಿದಂತೆ ಅನ್ನಿಸಿತು.

ಯಾರಿಗೂ ಹೇಳಲಿಲ್ಲ. ಟೀಚರಮ್ಮನಿಗೆ ಗಾಳಿ ಹಿಡಿದಿದೆ ಎಂದು ಗೊತ್ತಾದರೆ ನಮ್ಮ ಮಾದಿಹಳ್ಳಿಗೆ ವರ್ಷಕ್ಕಾಗುವಷ್ಟು ಮಾತು. ಕೊನೆಗೆ ಯಜಮಾನರೇ ಹಾಸನಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಡಿಪ್ರೆಷನ್ ಎಂದರು, ಮಾತ್ರೆ ಬರೆದರು. ಬಿಸಿಲಿಗೆ ಹೋಗಿ, ನಡೆಯಿರಿ, ಹಾಸಿಗೆ ಬಿಡಿ ಎಂದರು.

“ಮನಸ್ಸು ಬರಲಿ, ಆಮೇಲೆ ಮಾಡ್ತೀನಿ ಅಂತ ಕಾಯ್ಬೇಡಿ. ದಿನಾ ಒಂದೇ ಒಂದು ಸಣ್ಣ ಕೆಲಸ ಹಿಡೀರಿ. ಕೈ ಮೊದಲು ಹೋಗ್ಲಿ.”

ಆಗಲಿ ಎಂದು ತಲೆಯಾಡಿಸಿದೆ. ಮನೆಗೆ ಬಂದು ಮಲಗಿದೆ.

ಶಾಲೆಗೆ ರಜೆ ಹಾಕಿದೆ. ಫೋನು ಆಫ್ ಮಾಡಿ ಬೀರುವಿನೊಳಗಿಟ್ಟೆ. ಯಜಮಾನರು ಅನ್ನಕ್ಕಿಟ್ಟು ಬೇಲೂರಿನ ಕಚೇರಿಗೆ ಹೋಗುತ್ತಿದ್ದರು. ಬಾಗಿಲಿಗೆ ನೀರು ಹಾಕುವವರಿಲ್ಲ, ರಂಗೋಲಿ ಇಲ್ಲ. ನಮ್ಮ ಕಡೆ ರಂಗೋಲಿ ನಿಂತಿದೆ ಎಂದರೆ ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ನನಗೇನು ಅದು ಗೊತ್ತಿರಲಿಲ್ಲವೇ?

ಗೊತ್ತಿತ್ತು. ಸರಿಯಾಗಿಯೇ ಇದೆ ಅನ್ನಿಸುತ್ತಿತ್ತು.

ಯಜಮಾನರು ಪಾಪ, ನಾನು ಹುಷಾರಾಗಲೆಂದು ಮನೆದೇವರಿಗೆ ಹರಸಿಕೊಂಡು ಮುಡಿ ಕೊಟ್ಟು ಬಂದರು. ನುಣ್ಣನೆಯ ತಲೆ ಹೊತ್ತು ಸಂಜೆ ಜಗುಲಿಯ ಮೇಲೆ ಒಬ್ಬರೇ ಕೂರುತ್ತಿದ್ದರು. ನಮ್ಮ ಮನೆ ರಸ್ತೆಗೇ ಇದೆ. ಅಕ್ಕಪಕ್ಕದವರಿಗೆ ವಿಷಯ ಗೊತ್ತಿತ್ತು. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಕಾಣುತ್ತಿದ್ದದ್ದು ಬೋಳು ಬಾಗಿಲು, ಬೋಳು ತಲೆ, ಅಷ್ಟೇ.

ಒಂದು ಮಧ್ಯಾಹ್ನ ಬಸ್ಸು ನಿಂತು ಹೊರಟ ಸದ್ದಾಯಿತು. ಗೇಟಿನಾಚೆ ಯಾರೋ ಅಳತೊಡಗಿದರು. ಹೆಸರು ಹಿಡಿದು ಅಳುತ್ತಿದ್ದರು.

ನನ್ನ ಹೆಸರು.

ಎದ್ದು ಕಿಟಕಿಯ ಸಂದಿಯಿಂದ ನೋಡಿದೆ. ಜಯಮ್ಮತ್ತೆ. ನನ್ನ ಅಪ್ಪನ ತಂಗಿ, ಕಣಕಟ್ಟೆಯವರು. ಕೈಯಲ್ಲಿ ಬಾಳೆಲೆ ಸುತ್ತಿದ ದಪ್ಪ ಹೂವಿನ ಹಾರ. ಬೇಲೂರಿಗೆ ಹೋಗಿಬಂದ ಅವರೂರಿನ ಯಾರೋ ಬಸ್ಸಿನಿಂದ ನಮ್ಮ ಮನೆ ನೋಡಿ, ನಿಮ್ಮ ವನಜ ಹೋಗಿಬಿಟ್ಟಳೇನೋ ಎಂದಿದ್ದರಂತೆ. ನನ್ನ ಫೋನಿಗೆ ಮಾಡಿದರೆ ಸಿಗುತ್ತಿರಲಿಲ್ಲ, ಯಜಮಾನರ ನಂಬರು ಅವರ ಹತ್ತಿರ ಇರಲಿಲ್ಲ. ಮುಖ ನೋಡಲು ಸಿಗದಿದ್ದರೂ ಫೋಟೋಗಾದರೂ ಹಾರ ಹಾಕೋಣವೆಂದು ಬಸ್ಸು ಹತ್ತಿದ್ದರು.

ಉರಿಬಿಸಿಲು, ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಅತ್ತೆ ನನ್ನ ಬಾಲ್ಯ, ನನ್ನ ಜಡೆ, ನನ್ನ ಹಟ ಎಲ್ಲವನ್ನೂ ಹೇಳಿಕೊಂಡು ಅಳುತ್ತಿದ್ದರು. ನಾನು ಅಲುಗಾಡದೆ ಕೇಳಿದೆ. ಒಳ್ಳೆಯ ಹುಡುಗಿ ಎನ್ನಿಸಿತು. ಅಯ್ಯೋ ಪಾಪ, ಹೋಗಬಾರದಿತ್ತು ಎಂದು ನನಗೂ ಸಂಕಟವಾಯಿತು. ನನ್ನ ಪಾಲಿಗೆ ಇವತ್ತಿಗೂ ಭಯವೆಂದರೆ ಅದೇ, ಆ ಕಿಟಕಿಯ ಹಿಂದೆ ನಿಂತು ನನ್ನ ಸಾವಿಗೆ ನಾನೇ ಮರುಗಿದ ಆ ಗಳಿಗೆ.

ಬಾಗಿಲು ತೆಗೆದೆ.

ಅಳು ಗಕ್ಕನೆ ನಿಂತಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಮೊದಲು ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು. ದೆವ್ವವಾದರೆ ಪಾದ ಹಿಂದುಮುಂದಾಗಿರುತ್ತದಲ್ಲ. ನಾನೂ ಬಗ್ಗಿ ನೋಡಿಕೊಂಡೆ. ನನಗೂ ಖಾತ್ರಿ ಇರಲಿಲ್ಲ.

“ಅತ್ತೆ, ನಾನು ಇದ್ದೀನಾ?”

ಅವರು ಗೇಟು ದೂಡಿಕೊಂಡು ಬಂದು ನನ್ನ ಕೈ ಹಿಡಿದರು. ಹಿಸುಕಿದರು. ಆಮೇಲೆ ಕೆನ್ನೆ ಮುಟ್ಟಿದರು.

“ಬೆಚ್ಚಗೈತೆ ಕಣೇ. ಇದ್ದೀಯ.”

ಅಲ್ಲಿಂದ ಬೈಗುಳ ಶುರುವಾಯಿತು. ಇದ್ದವಳು ಬಾಗಿಲಿಗೊಂದು ಚೊಂಬು ನೀರು ಹಾಕಲು ಏನು ರೋಗ ಎಂದರು. ರೋಗವೇ ಎಂದೆ. ಅತ್ತೆ ಹಾರವನ್ನು ತಿಪ್ಪೆಗೆಸೆದು ಕೈಕಾಲು ತೊಳೆದು ಬಂದು, ರಂಗೋಲಿ ಡಬ್ಬಿ ತಾ ಎಂದರು. ಅವರೇ ಹಾಕುತ್ತಾರೆ ಎಂದುಕೊಂಡೆ.

“ನಾನ್ಯಾಕೆ ಹಾಕ್ಲಿ? ಇರೋಳು ನೀನು. ನೀನೇ ಹಾಕು, ಬಸ್ಸಿನೋರು ನೋಡ್ಲಿ.”

ಮಟಮಟ ಮಧ್ಯಾಹ್ನ ಯಾರಾದರೂ ರಂಗೋಲಿ ಹಾಕುತ್ತಾರೆಯೇ? ಹಾಕಿದೆ. ಚುಕ್ಕಿಗಳು ಸೊಟ್ಟಗಾದವು, ಗೆರೆ ನಡುಗಿತು. ಮನಸ್ಸು ಬಂದಿರಲಿಲ್ಲ, ಕೈ ಹೋಯಿತು. ಸಂಜೆ ಯಜಮಾನರು ಅದನ್ನು ನೋಡಿ ಗೇಟಿನಲ್ಲೇ ನಿಂತುಬಿಟ್ಟರು. ಆಮೇಲೆ ಗೆರೆ ತುಳಿಯದಂತೆ ಸುತ್ತಿ ಬಂದು, ಜಗುಲಿಯ ಮೇಲೆ ಕೂತು ಅತ್ತರು.

ಇದರಿಂದ ವಾಸಿಯಾಯಿತು ಎಂದರೆ ಸುಳ್ಳು. ಮಾತ್ರೆ ನಡೆದಿದೆ, ಹಾಸನಕ್ಕೆ ಹೋಗುವುದೂ ನಡೆದಿದೆ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುತ್ತೇನೆ. ಆಗದ ದಿನ ನಾಲ್ಕು ಚುಕ್ಕಿ ಇಟ್ಟು ಬಿಡುತ್ತೇನೆ. ಎಳೆಬಿಸಿಲಿನಲ್ಲಿ ತೆಂಗಿನ ತೋಟದ ತನಕ ನಡೆಯುತ್ತೇನೆ. ಸಾರಿನ ಉಪ್ಪು ಒಮ್ಮೊಮ್ಮೆ ಗೊತ್ತಾಗುತ್ತದೆ. ಹಾಸಿಗೆ ಇನ್ನೂ ಕರೆಯುತ್ತದೆ, ನನ್ನದೇ ದನಿಯಲ್ಲಿ ಕರೆಯುತ್ತದೆ.

ಫೋನು ಬೀರುವಿನಿಂದ ಆಚೆ ಬಂದಿದೆ. ದಿನಾ ಬೆಳಗ್ಗೆ ಕಣಕಟ್ಟೆಯಿಂದ ಅತ್ತೆ ಮಾಡುತ್ತಾರೆ. ಊಟ, ತಿಂಡಿ ಏನೂ ವಿಚಾರಿಸುವುದಿಲ್ಲ. “ಇದ್ದೀಯೇನೇ?” ಎನ್ನುತ್ತಾರೆ.

ಕೆಲವು ದಿನ ಉತ್ತರ ಹೇಳಲು ನನಗೆ ಬಹಳ ಹೊತ್ತು ಹಿಡಿಯುತ್ತದೆ. ಅತ್ತೆ ಫೋನ್ ಇಡುವುದಿಲ್ಲ.